ಟುವಾಲಿನ ಕೆಳಗಿನ ಪ್ರಾಣಮುದ್ರೆ

ರಾಯಚೂರಿನ ಮೇ ತಿಂಗಳಲ್ಲಿ ದೇಹದ ಉಷ್ಣ ಹೆಚ್ಚಿಸುವ ಮುದ್ರೆ ಕಲಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊರಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಒಳಗೆ, ಕಲ್ಯಾಣ ಮಂಟಪದ ತಗಡಿನ ಸೂರಿನಡಿ, ನಾವೆಲ್ಲ ಎರಡೂ ಕೈಯ ಬೆರಳು ಹೆಣೆದು, ಎಡಗೈ ಹೆಬ್ಬೆರಳನ್ನು ಮೇಲೆತ್ತಿ, ಒಳಗಿನ ಅಗ್ನಿ ಎಚ್ಚರಗೊಳ್ಳಲೆಂದು ಕಾಯುತ್ತ ಕೂತಿದ್ದೆವು. ಅಗ್ನಿಗೆ ನಮ್ಮ ನೆರವು ಬೇಕಾಗಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರು ಮೆಲ್ಲಗೆ ಪಕ್ಕಕ್ಕೆ ವಾಲಿದರು. ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ಮೇಲೆ ಶಿಬಿರದ ಗುರುಗಳು ಸಂತೋಷದಿಂದ, "ನೋಡಿದಿರಾ, ಇವರಿಗೆ ಎಷ್ಟು ಬೇಗ ಫಲ ಸಿಕ್ಕಿತು!" ಎಂದರು.

ಎಂಬತ್ತರ ದಶಕದ ನಡುವಿನ ಮಾತು. ನಾನು ರಾಯಚೂರಿನಲ್ಲಿ ಬಿ.ಎ. ಓದುತ್ತಿದ್ದೆ, ಓದುವುದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ 'ಪರ' ಬಂದರೆ ಪರ, 'ವಿರೋಧ' ಬಂದರೆ ವಿರೋಧ. ಮನೆಯಲ್ಲಿ ಚೀಟಿಯ ಸೌಲಭ್ಯ ಇಲ್ಲದ್ದರಿಂದ ಸದಾ ವಿರೋಧ. ಹೀಗಾಗಿ ಅವ್ವ ನನ್ನನ್ನು ವಕೀಲ್ತಿ ಎಂದು ಕರೆಯುತ್ತಿದ್ದಳು, ಅದೂ ನನಗೆ ಎಂದೂ ವರ ಸಿಗುವುದಿಲ್ಲ ಎಂಬ ಅರ್ಥ ಬರುವ ಹಾಗೆ. ಇಂಥವಳು ಮುದ್ರೆಯ ಶಿಬಿರದಲ್ಲಿ ಏಕೆ ಕೂತಿದ್ದಳು ಎಂದು ಕೇಳಿದರೆ, ಕಾಕಾನ ಕೈಗಾಗಿ.

ಕಾಕಾ ಅಂದರೆ ಅಪ್ಪನ ತಮ್ಮ, ದೇವದುರ್ಗದ ದನದ ಸಂತೆಯಲ್ಲಿ ದಲಾಲಿ. ಆ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನು ದಲಾಲಿಯ ಕೈ ಹಿಡಿಯುತ್ತಾನೆ, ಮೇಲೊಂದು ಟುವಾಲು ಮುಚ್ಚುತ್ತಾರೆ. ಟುವಾಲಿನ ಕೆಳಗೆ ಬೆರಳು ಬೆರಳನ್ನು ಹಿಡಿದು ಕೇಳುತ್ತದೆ, ಬೆರಳೇ ಉತ್ತರ ಕೊಡುತ್ತದೆ. ಎಷ್ಟು ಬೆರಳು ಹಿಡಿದರು, ಪೂರ್ತಿ ಹಿಡಿದರೋ ಅರ್ಧಕ್ಕೆ ಮಡಚಿದರೋ, ಅದರ ಮೇಲೆ ವ್ಯಾಪಾರ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮತ್ತು ಇಬ್ಬರ ನಿರ್ಭಾವದ ಮುಖ. ಚಿಕ್ಕಂದಿನಲ್ಲಿ ನಾನು ಅದನ್ನು ನೋಡಿ, ಈ ಗಂಡಸರು ಒಬ್ಬರಿಗೊಬ್ಬರು ಬಳೆ ತೊಡಿಸುತ್ತಿದ್ದಾರೆ ಎಂದುಕೊಂಡಿದ್ದೆ.

ಅಂಥ ಕೈ ಕೆಡತೊಡಗಿತ್ತು. ಕಾಕಾನ ಬಲಗೈಯ ಉಂಗುರದ ಬೆರಳು, ಕಿರುಬೆರಳು ಎರಡೂ ಒಳಕ್ಕೆ ಮಡಚಿಕೊಂಡು, ಬಿಚ್ಚೆಂದರೆ ಬಿಚ್ಚುತ್ತಿರಲಿಲ್ಲ. ಟುವಾಲಿನ ಕೆಳಗೆ ಐದು ಬೆರಳು ಹುಡುಕಿದವನಿಗೆ ಮೂರೇ ಸಿಗುತ್ತಿದ್ದವು. ಕಾಕಾನಿಗೆ ಹೊಲವಿರಲಿಲ್ಲ, ಓದಿರಲಿಲ್ಲ. ಕೈ ಹೋದರೆ ಸಂತೆ ಹೋಯಿತು, ಸಂತೆ ಹೋದರೆ ಅವನು ದೇವದುರ್ಗದಲ್ಲಿ ಏನೂ ಅಲ್ಲ.

ಮನೆಮಂದಿ ಸುಮ್ಮನೆ ಕೂತಿರಲಿಲ್ಲ. ಮೊದಲು ಇದು ಲಕ್ವಾ ಎಂದು ತೀರ್ಮಾನಿಸಿದರು, ಯಾಕೆಂದರೆ ನಮ್ಮ ಕಡೆ ಕುತ್ತಿಗೆಯ ಕೆಳಗೆ ಅಲುಗಾಡದ್ದೆಲ್ಲ ಲಕ್ವಾ. ಲಕ್ವಾಕ್ಕೆ ಪಾರಿವಾಳದ ರಕ್ತ ತಿಕ್ಕಬೇಕು. ಗುಂಜಹಳ್ಳಿ ಕಡೆಯ ಮುದುಕನೊಬ್ಬ ಬಂದು ತಿಕ್ಕಿದ. ಪಾರಿವಾಳದ ಕಷ್ಟ ಅಂದೇ ಪರಿಹಾರವಾಯಿತು, ಕಾಕಾನದು ಆಗಲಿಲ್ಲ. ಆಮೇಲೆ ಎಳ್ಳೆಣ್ಣೆ, ಆಮೇಲೆ ಮೊಣಕೈಗೆ ತಾಯಿತ, ಆಮೇಲೆ ಯಾರೋ ಹೇಳಿದ ಬೇವಿನ ಕಷಾಯ. ಅದನ್ನು ಕುಡಿದು ಕಾಕಾ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅಷ್ಟಾದ ಮೇಲೆ ನಮ್ಮೂರಿನ ಗೋಡೆಗಳ ಮೇಲೆ ಭಿತ್ತಿಪತ್ರ ಕಾಣಿಸಿತು: ಔಷಧಿ ಬೇಡ, ಖರ್ಚು ಬೇಡ, ನಿಮ್ಮ ರೋಗ ನಿಮ್ಮ ಬೆರಳ ತುದಿಯಲ್ಲಿ. ಬೆರಳಿನ ರೋಗದವನಿಗೆ ಇದಕ್ಕಿಂತ ನೇರವಾದ ಆಮಂತ್ರಣ ಎಲ್ಲಿ ಸಿಕ್ಕೀತು? ಕಾಕಾ, ಕಾಕಿ ಇಬ್ಬರೂ ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಿಳಿದರು. ಅಪ್ಪನಿಗೆ ರಜೆ ಇರಲಿಲ್ಲ. ಜೊತೆಗೆ ಹೋಗಲು ನನ್ನನ್ನು ನೇಮಿಸಿದರು.

ಗುರುಗಳು ಮೈಸೂರು ಕಡೆಯವರು. ಬಿಳಿ ಪಂಚೆ, ಬಿಳಿ ಗಡ್ಡ, ಬಹಳ ಮೃದು ಮಾತು. ಹೆಬ್ಬೆರಳು ಅಗ್ನಿ, ತೋರುಬೆರಳು ವಾಯು, ನಡುಬೆರಳು ಆಕಾಶ, ಉಂಗುರಬೆರಳು ಭೂಮಿ, ಕಿರುಬೆರಳು ಜಲ ಎಂದು ಅವರು ವಿವರಿಸಿದರು. ಹೆಬ್ಬೆರಳಿನ ತುದಿಗೆ ತೋರುಬೆರಳಿನ ತುದಿ ಮುಟ್ಟಿಸಿದರೆ ಜ್ಞಾನಮುದ್ರೆ. ಅದರಿಂದ ಬುದ್ಧಿ ಚುರುಕಾಗಿ ಕೋಪ ಇಳಿಯುತ್ತದೆ. ನಾನು ಎದ್ದು ನಿಂತೆ.

"ಸ್ವಾಮಿ, ನಮ್ಮ ಮಾನ್ವಿ ಕಡೆ ಹೆಣ್ಣುಮಕ್ಕಳು ಹತ್ತಿ ಬಿಡಿಸುವಾಗ ಬೆಳಗಿನಿಂದ ಸಂಜೆವರೆಗೆ ಹೆಬ್ಬೆರಳಿಗೆ ತೋರುಬೆರಳು ಮುಟ್ಟಿಸಿಕೊಂಡೇ ಇರುತ್ತಾರೆ. ಅವರಿಗೆ ಇಷ್ಟು ಹೊತ್ತಿಗೆ ಜ್ಞಾನೋದಯ ಆಗಿರಬೇಕಿತ್ತಲ್ಲ? ಆಗಿರುವುದು ಸೊಂಟನೋವು."

ಗುರುಗಳು ಮುಗುಳ್ನಕ್ಕರು. "ಅವರ ಬೆರಳುಗಳ ನಡುವೆ ಹತ್ತಿ ಇರುತ್ತದಲ್ಲ ತಾಯಿ. ವಿದ್ಯುತ್ತು ಹರಿಯುವುದಿಲ್ಲ."

ಸಭೆ ಚಪ್ಪಾಳೆ ತಟ್ಟಿತು. ಒಪ್ಪಬೇಕು, ಒಳ್ಳೆಯ ಉತ್ತರ, ನನಗೇ ಹೊಳೆಯಬೇಕಿತ್ತು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಕಾಕಾ ಗಟ್ಟಿಯಾಗಿ ಕೇಳಿದ: "ಗುರುಗಳ, ಇಕಿ ಬಾಯಿ ಮುಚ್ಚಾಕ ಒಂದು ಮುದ್ರಿ ಇಲ್ಲೇನ್ರಿ? ಇದ್ರ ನಮ್ಮಣ್ಣನ ಮನಿ ಮಂದಿ ಎಲ್ಲಾ ಬಂದು ಕಲೀತಾರ."

ಆಗ ಗುರುಗಳು ಕಾಕಾನ ಕೈ ನೋಡಿದರು. ನೋಡಿದವರೇ ವೇದಿಕೆಯಿಂದ ಇಳಿದು ಬಂದರು. ಮಡಚಿದ ಆ ಎರಡು ಬೆರಳುಗಳನ್ನು ತಮ್ಮ ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೆಲಹೊತ್ತು ನಿಂತರು. ಉಂಗುರಬೆರಳು, ಕಿರುಬೆರಳು ಬಾಗಿ ಹೆಬ್ಬೆರಳನ್ನು ಸೇರಿದರೆ ಅದು ಪ್ರಾಣಮುದ್ರೆ. ಉಳಿದವರು ಕಷ್ಟಪಟ್ಟು ಹಿಡಿಯುವ ಮುದ್ರೆ ಈ ದೇಹಕ್ಕೆ ತಾನಾಗಿ ಒಲಿದಿದೆ, ಇದು ಸಹಜ ಮುದ್ರೆ, ಪೂರ್ವಜನ್ಮದ ಸಾಧನೆ ಎಂದು ಘೋಷಿಸಿದರು. ಕಾಕಾನನ್ನು ವೇದಿಕೆಗೆ ಕರೆದರು. ಚೆಂಡು ಹೂವಿನ ಹಾರ ಬಿತ್ತು. ಶಿಬಿರಾರ್ಥಿಗಳು ಸಾಲಾಗಿ ಬಂದು ಅವನ ಬೆರಳು ನೋಡಿ, ತಮ್ಮ ಬೆರಳನ್ನು ಹಾಗೆ ಮಡಚಲು ಯತ್ನಿಸಿ, ಸೋತು, ಕೈಮುಗಿದು ಹೋದರು.

ವರ್ಷದಿಂದ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದ ಕೈಯನ್ನು ಕಾಕಾ ಅಂದು ಎತ್ತಿ ತೋರಿಸಿದ. ಮನೆಗೆ ಬರುವಾಗ ಟಾಂಗಾದಲ್ಲಿ ಹಾರ ತೆಗೆಯಲಿಲ್ಲ. "ನಾ ಜಡ್ಡು ಅಂದ್ಕೊಂಡಿದ್ನಲ್ಲೇ," ಎಂದ ಕಾಕಿಗೆ. ಕಾಕಿ, "ನಾ ಮೊದಲಿಂದ ಅಂತೀನಿ, ನಿಮ್ಮ ಕೈ ಸಾದಾ ಕೈ ಅಲ್ಲ," ಎಂದಳು. ಅವಳು ಹಾಗೆ ಎಂದೂ ಅಂದಿರಲಿಲ್ಲ.

ಮರುದಿನ ಮುಂಜಾನೆ ಕಾಕಿ ಎಂದಿನಂತೆ ಉಪ್ಪನ್ನು ಹಂಚಿನ ಮೇಲೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕಾಕಾನ ಕೈಗೆ ಶಾಖ ಕೊಡುತ್ತಿದ್ದಳು. ಸಹಜ ಮುದ್ರೆಗೆ ಶಾಖ ಏಕೆ ಎಂದು ನಾನು ಕೇಳಿದೆ. ಅಷ್ಟರಲ್ಲಿ ಅವ್ವ ಚೀರಿದಳು. ಗಂಟು ಬಿಸಿಯಾಗಿ ಬಟ್ಟೆ ಕಂದುಗಟ್ಟಿತ್ತು. ಕಾಕಾನ ಅಂಗೈಯ ಅಂಚಿಗೆ, ಕಿರುಬೆರಳಿನ ಕೆಳಗೆ, ನೀರುಗುಳ್ಳೆ ಎದ್ದಿತ್ತು. ಕಾಕಾ ಮಾತ್ರ ಆರಾಮವಾಗಿ ಚಹಾ ಕುಡಿಯುತ್ತ, "ಯಾಕ, ಏನಾತು?" ಎಂದ.

ಶಿಬಿರದಲ್ಲಿ ಇದನ್ನು ಹೇಳಿದಾಗ ಗುರುಗಳ ಕಣ್ಣು ತುಂಬಿತು. ಬೆಂಕಿಯೂ ಸೋಕದ ಸ್ಥಿತಿ, ಇಂದ್ರಿಯ ನಿಗ್ರಹ. ಎರಡನೆಯ ಹಾರ.

ನನಗೆ ನೆನಪಾದದ್ದು ಮಾನ್ವಿ ಬಸ್‌ಸ್ಟ್ಯಾಂಡಿನ ಗೋಡೆ. ಅವ್ವನ ತವರು ಮಾನ್ವಿ. ಬಸ್ಸು ಕಾಯುತ್ತ ಕಾಯುತ್ತ ಆ ಗೋಡೆಯ ಮೇಲಿನ ಸರ್ಕಾರಿ ಬರಹವನ್ನು ನಾನು ಬಾಯಿಪಾಠ ಆಗುವಷ್ಟು ಓದಿದ್ದೆ. ಮೈಮೇಲೆ ಮಾಸಲು ಮಚ್ಚೆ, ಮುಟ್ಟಿದರೆ ತಿಳಿಯದ ಚರ್ಮ, ಮಡಚಿಕೊಳ್ಳುವ ಬೆರಳು. ಕೆಳಗೆ ಒಂದು ಕೈಯ ಚಿತ್ರವಿತ್ತು. ಶಿಬಿರದ ಬ್ಯಾನರಿನ ಮೇಲಿದ್ದ ಕೈಗಿಂತ ಆ ಕೈ ಕಾಕಾನ ಕೈಯನ್ನು ಹೆಚ್ಚು ಹೋಲುತ್ತಿತ್ತು.

ಮನೆಗೆ ಬಂದು ಕಸಬರಿಗೆಯ ಕಡ್ಡಿ ತಂದೆ. ಕಾಕಾನಿಗೆ ಕಣ್ಣು ಮುಚ್ಚಲು ಹೇಳಿ, ಮುಟ್ಟಿದಾಗ ಹೂಂ ಅನ್ನು ಎಂದೆ. ಹೆಬ್ಬೆರಳಿಗೆ ಹೂಂ. ತೋರುಬೆರಳಿಗೆ ಹೂಂ. ಕಿರುಬೆರಳಿಗೆ ಮುಟ್ಟಿ, ಒತ್ತಿ, ಚುಚ್ಚಿದೆ. ಕಾಕಾ ಕಣ್ಣು ಮುಚ್ಚಿಕೊಂಡೇ, "ಮುಟ್ಟಲೇ ಜಲ್ದಿ, ನಿದ್ದಿ ಬರಾಕತ್ತದ," ಎಂದ. ಅಂಗಿಯ ತೋಳು ಮೇಲೆತ್ತಿದೆ. ಮೊಣಕೈ ಹತ್ತಿರ ಒಂದು ಬಿಳಿಚು ಮಚ್ಚೆ. ಅದಕ್ಕೂ ಉತ್ತರವಿಲ್ಲ.

ನಾನು ಕುಷ್ಠ ಎಂಬ ಪದವನ್ನು ಜೋರಾಗಿ ಹೇಳಿದೆ. ವೈಜ್ಞಾನಿಕ ಮನೋಭಾವದವರು ಹಾಗೆಯೇ ಹೇಳಬೇಕಲ್ಲವೇ. ಕಾಕಿ ಓಡಿಹೋಗಿ ಬಾಗಿಲು ಹಾಕಿ ಅಗುಳಿ ಸರಿಸಿದಳು.

"ಹಗೂರ ಮಾತಾಡು ಬೇ! ಮಗ್ಗಲ ಮನ್ಯಾಗ ಕೇಳಸ್ತದ."

"ಕೇಳಸ್ಲಿ. ಅದೇನು ಪಾಪ ಅಲ್ಲ, ಕ್ರಿಮಿ. ಗುಳಿಗಿ ತಗೊಂಡ್ರ ಹೋಗ್ತದ. ಮುಚ್ಚಿಡೋದು ಯಾಕ?"

"ಯಾಕ? ದೊಡ್ಡ ಜಡ್ಡು ಅಂತ ಒಬ್ರ ಬಾಯಾಗ ಬಂತಂದ್ರ ಮುಗೀತು. ನಾ ಬಾವಿಗಿ ಹೋದ್ರ ಕೊಡ ಎತ್ತಿಕೊಂಡು ಸರೀತಾರ. ಇವರ ಕೈ ಯಾರು ಹಿಡೀತಾರ ಸಂತ್ಯಾಗ? ನಿನ್ನ ಕ್ರಿಮಿ ಬಂದು ಹಿಡೀತದೇನು?"

ನಾನು ಮೂಢನಂಬಿಕೆ, ಸಮಾಜ, ಪ್ರಗತಿ ಎಂದು ಶುರು ಮಾಡಿದೆ. ಕಾಕಾ ಎರಡು ಹಾರಗಳನ್ನು ಗೂಟದಿಂದ ತೆಗೆದು, ಒಂದೊಂದೇ ಹೂ ಕಿತ್ತು ನೆಲಕ್ಕೆ ಹಾಕುತ್ತಿದ್ದ, ಎಡಗೈಯಿಂದ. ಕೊನೆಗೆ ತಲೆಯೆತ್ತಿ, "ದೇವದುರ್ಗದಾಗ ಬ್ಯಾಡ. ರಾಯಚೂರಾಗ ಬ್ಯಾಡ, ಇಲ್ಲಿ ಗಂಜ್ ಬಜಾರದಾಗ ಅರ್ಧಾ ಮಂದಿಗಿ ನನ್ನ ಗುರ್ತದ. ಬ್ಯಾರೆ ಕಡಿ ಹೋಗೂಣು," ಎಂದ.

ಬೇರೆ ಕಡೆ ಅಂದರೆ ಮಾನ್ವಿ. ಅಲ್ಲಿ ವಾರಕ್ಕೊಮ್ಮೆ ಈ ರೋಗದ ಡಾಕ್ಟರು ಕೂರುತ್ತಿದ್ದರು. ಅವರು ಮೊಣಕೈಯ ಒಳಬದಿಯ ನರವನ್ನು ಒತ್ತಿ ನೋಡಿ, ನನ್ನ ಕಡ್ಡಿಯ ಕೆಲಸವನ್ನೇ ಹತ್ತಿಯ ಎಳೆಯಿಂದ ಮಾಡಿ, ತಲೆಯಾಡಿಸಿದರು. ತಡವಾಗಿದೆ, ಆದರೆ ಬಹಳ ತಡವಾಗಿಲ್ಲ. ಹೊಸ ಗುಳಿಗೆ ಬಂದಿವೆ. ತಿಂಗಳಿಗೊಮ್ಮೆ ಕೆಂಪು, ದಿನಾ ಬಿಳಿ. ಗುಳಿಗೆ ಶುರುವಾದ ಮೇಲೆ ನಿಮ್ಮಿಂದ ಯಾರಿಗೂ ಹರಡುವ ಹಾಗಿಲ್ಲ, ಸಂತೆಗೆ ಹೋಗಿ, ಎಲ್ಲರ ಕೈ ಹಿಡಿಯಿರಿ. ಬೆರಳು ಪೂರ್ತಿ ನೆಟ್ಟಗಾಗುತ್ತವೆಂದು ಹೇಳಲಾರೆ, ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು ಎಂದರು. ಇಷ್ಟರವರೆಗೆ ನಾನು ಗೆಲುವಿನ ಮುಖ ಮಾಡಿ ಕೂತಿದ್ದೆ. ಆಮೇಲೆ ಡಾಕ್ಟರು, ಕೈಯನ್ನು ದಿನಾ ನೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ಇನ್ನೊಂದು ಕೈಯಿಂದ ಬೆರಳುಗಳನ್ನು ನಿಧಾನಕ್ಕೆ ನೀವುತ್ತ ಬಿಚ್ಚಬೇಕು ಎಂದು ಮಾಡಿ ತೋರಿಸಿದರು.

"ನೋಡು," ಎಂದಳು ಕಾಕಿ ಬಸ್ಸಿನಲ್ಲಿ. "ಇಷ್ಟು ಓದಿದವ ಕಡೀಕ ಎಣ್ಣೀನೇ ಹೇಳ್ದ."

ಅಂದಿನಿಂದ ಕಾಕಾ ತಿಂಗಳಿಗೊಮ್ಮೆ, ಗುಳಿಗೆ ತರುವ ದಿನ, ಕವಿತಾಳದ ಕಡೆ ಎತ್ತು ನೋಡಲು ಹೋಗತೊಡಗಿದ. ಕವಿತಾಳದ ಎತ್ತುಗಳಲ್ಲಿ ಒಂದೂ ದೇವದುರ್ಗಕ್ಕೆ ಬರಲಿಲ್ಲ ಎಂಬುದನ್ನು ಬಿಟ್ಟರೆ ಸುಳ್ಳು ಗಟ್ಟಿಯಾಗಿತ್ತು. ಕೆಂಪು ಗುಳಿಗೆ ನುಂಗಿದ ದಿನ ಮೂತ್ರ ಕೆಂಪಾದರೆ, ಒಳಗಿನ ಪಾರಿವಾಳದ ರಕ್ತ ಈಗ ಹೊರಗೆ ಬರಾಕತ್ತದ ಎಂದು ಕಾಕಿಗೆ ಹೇಳಿ ನಗಿಸುತ್ತಿದ್ದನಂತೆ. ಸಂತೆಯಲ್ಲಿ ಬೆರಳಿನ ಬಗ್ಗೆ ಕೇಳಿದವರಿಗೆ ಒಂದೇ ಉತ್ತರ: ಪ್ರಾಣಮುದ್ರೆ, ರಾಯಚೂರಿನ ಶಿಬಿರದಲ್ಲಿ ಗುರುಗಳು ಗುರುತಿಸಿ ಹಾರ ಹಾಕಿದ್ದಾರೆ. ಈ ಶುದ್ಧ ಬೊಗಳೆ ಕೇಳಿ ನನ್ನ ಮೈ ಉರಿಯುತ್ತಿತ್ತು. ಒಂದು ಸುಳ್ಳನ್ನು ಬಯಲು ಮಾಡಿ ಕಾಯಿಲೆ ಕಂಡುಹಿಡಿದವಳು ನಾನು. ಈಗ ಆ ಕಾಯಿಲೆ ಬಂದು ಅದೇ ಸುಳ್ಳಿನ ಮರೆಯಲ್ಲಿ ಕೂತಿತ್ತು.

ದಸರಾ ರಜೆಗೆ ದೇವದುರ್ಗಕ್ಕೆ ಹೋದೆ, ಗುಳಿಗೆ ಸರಿಯಾಗಿ ನುಂಗುತ್ತಿದ್ದಾನೋ ಇಲ್ಲವೋ ನೋಡಲು. ಸಂತೆಯ ದಿನ ಕಾಕಿ ಬುತ್ತಿ ಕಟ್ಟಿ ನನ್ನ ಕೈಯಲ್ಲಿ ಕಳಿಸಿದಳು. ದನಗಳ ನಡುವೆ ದಾರಿ ಮಾಡಿಕೊಂಡು ಹೋಗಿ ನೋಡಿದರೆ, ಕಾಕಾನ ಸುತ್ತ ಜನ ಗುಂಪು ಕಟ್ಟಿದ್ದರು. ಎದುರಿಗೆ ಕೆಂಪು ರುಮಾಲಿನ ಇನ್ನೊಬ್ಬ ದಲಾಲಿ, ಎಷ್ಟೋ ವರ್ಷಗಳಿಂದ ಕಾಕಾನಿಗೆ ಪೈಪೋಟಿ. ಕೊಳ್ಳುವವರ ಪರವಾಗಿ ಅವನು, ಮಾರುವವರ ಪರವಾಗಿ ಕಾಕಾ. ನಡುವೆ ಒಂದು ಜೋಡಿ ಎತ್ತು. ಕಾಕಾ ಟುವಾಲು ಹಿಡಿದು ಕೈ ಚಾಚಿದ್ದ. ಕೆಂಪು ರುಮಾಲಿನವ ಕೈ ಕೊಟ್ಟಿರಲಿಲ್ಲ.

"ಟುವಾಲು ತಗಿ," ಎನ್ನುತ್ತಿದ್ದ ಅವನು. "ಎಲ್ಲಾರ ಮುಂದ ಬೆರಳು ಬಿಚ್ಚು. ಆಮ್ಯಾಲೆ ಹಿಡೀತೀನಿ."

"ಮುದ್ರಿ ಅಂತ ಹೇಳೀನಲ್ಲೋ," ಎಂದ ಕಾಕಾ. ದನಿ ಸಣ್ಣಗಾಗಿತ್ತು.

"ಎಂಥಾ ಮುದ್ರಿ? ಮಾನ್ವಿ ದವಾಖಾನಿ ಮುಂದ ಕೂತಿದ್ದಿ ಅಂತ, ಕಂಡವರು ಅದಾರ. ಮುದ್ರಿ ಇದ್ದವಗ ದವಾಖಾನಿ ಯಾಕ ಬೇಕು?"

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಕಾಕಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ, ಮುಂದಕ್ಕೆ ನೀಡಲೂ ಇಲ್ಲ.

ಬುತ್ತಿ ನೆಲಕ್ಕಿಟ್ಟು ನಾನು ನಡುವೆ ನಿಂತೆ.

"ಮಾನ್ವಿಗಿ ಹೋಗಿದ್ದು ನನ್ನ ಕರಕೊಂಡ್ರಿ, ನನ್ನ ಹೊಟ್ಟಿನೋವಿಗಿ," ಎಂದೆ. "ಇನ್ನ ಬೆರಳಿನ ಮಾತು. ನಿಮಗ ತಿಳೀದಿದ್ರ ತಿಳಕೊಳ್ರಿ. ಕಿರುಬೆರಳು ನೀರು, ಉಂಗುರದ ಬೆರಳು ಮಣ್ಣು, ಹೆಬ್ಬೆರಳು ಬೆಂಕಿ. ನೀರು, ಮಣ್ಣು ಎರಡೂ ಬೆಂಕಿ ಕೂಡಿದ್ರ ಏನಾಗ್ತದ? ಗಡಿಗಿ ಆಗ್ತದ! ಈ ಮೈ ಅನ್ನೋ ಗಡಿಗಿ ಸುಟ್ಟು ಗಟ್ಟಿ ಮಾಡೋ ಮುದ್ರಿ ಇದು. ವ್ರತ ಮುಗಿಯೋತನಕ ಬಿಚ್ಚಂಗಿಲ್ಲ. ರಾಯಚೂರಾಗ ಸಾವಿರ ಮಂದಿ ಮುಂದ ಗುರುಗಳು ವೇದಿಕೆಗಿ ಕರದು ಎರಡೆರಡು ಹಾರ ಹಾಕ್ಯಾರ. ದೊಡ್ಡ ದೊಡ್ಡ ಸಾಹೇಬ್ರು ಕಲೀಲಿಕ್ಕೆ ಹೋಗಿ ಮೂರ್ಛಿ ಬಿದ್ದಾರ. ಅಂಥಾ ಬೆರಳನ್ನ ಎತ್ತಿನ ಸಂತ್ಯಾಗ ಬಿಚ್ಚು ಅಂತೀರಲ್ಲ, ನಿಮಗೇನು ದೇವರ ಅಂಜಿಕಿ ಅದನೋ ಇಲ್ಲೋ?"

ಗಡಿಗೆಯ ಉಪಮೆ ಗುರುಗಳದಲ್ಲ, ನನ್ನದೇ. ಯಾವ ಸ್ಪರ್ಧೆಯಲ್ಲೂ ಇಷ್ಟು ಒಳ್ಳೆಯ ಉಪಮೆ ನನಗೆ ಸಿಕ್ಕಿರಲಿಲ್ಲ. ವಾಕ್ಯಕ್ಕೊಂದು ಸುಳ್ಳಿನಂತೆ ಹೇಳುತ್ತ ಹೋದ ಹಾಗೆ ಗುಂಪು ಹಿಂದಿಟ್ಟ ಹೆಜ್ಜೆಯನ್ನು ಮುಂದಕ್ಕಿಟ್ಟಿತು. ಅರಕೇರಾದಿಂದ ಬಂದಿದ್ದ, ಹೆಗಲಿಗೆ ಕಂಬಳಿ ಹಾಕಿದ ಮುದುಕನೊಬ್ಬ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತನ್ನ ಬೆರಳು ಮಡಚುತ್ತ ಕೇಳಿದ:

"ಮೊಣಕಾಲಿಗಿ ಆಗ್ತದೇನ್ ಯವ್ವಾ?"

"ಮೊಣಕಾಲಿಗಿ ಫಸ್ಟ್ ಕ್ಲಾಸ್ ಆಗ್ತದ ಯಪ್ಪಾ. ಆದ್ರ ದಾಕ್ತರಗೂ ತೋರಸ್ಬೇಕು."

"ಹಿಂಗೇನು?"

"ಇನ್ನೊಂದಿಟು ಬಗ್ಗಸ್ರಿ."

ಮುದುಕನನ್ನು ನೋಡಿ ಪಕ್ಕದವನು ಮಡಚಿದ. ಅವನನ್ನು ನೋಡಿ ಇನ್ನೊಬ್ಬ. ಯಾರೋ ಸೊಂಟಕ್ಕೆ ಆಗ್ತದೇನು ಎಂದ, ಯಾರೋ ತನ್ನ ಹೆಂಡತಿಯ ಸಿಟ್ಟಿಗೆ ಎಂದ, ನಗೆ ಎದ್ದಿತು. ಹಗ್ಗ ಹಿಡಿದ ಕೈ, ಬೀಡಿ ಹಿಡಿದ ಕೈ, ಎತ್ತಿನ ಹಲ್ಲು ನೋಡಿ ಇನ್ನೂ ಜೊಲ್ಲು ಒರೆಸದ ಕೈ, ಎಲ್ಲವೂ ಎರಡೆರಡು ಬೆರಳು ಮಡಚಿಕೊಂಡು ನಿಂತವು. ಅವುಗಳ ನಡುವೆ ಕಾಕಾನ ಕೈ ಯಾವುದೆಂದು ದೂರದಿಂದ ಹೇಳುವ ಹಾಗಿರಲಿಲ್ಲ.

ಕೆಂಪು ರುಮಾಲಿನವ ಮಾತ್ರ ಮಡಚಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ತನ್ನ ಹೆಗಲ ಮೇಲಿನ ಟುವಾಲನ್ನು ಕೊಡವಿ, ಕಾಕಾನ ಕೈಮೇಲೆ ಹಾಸಿ, ಕೆಳಗೆ ತನ್ನ ಕೈ ತೂರಿಸಿದ. ಬಟ್ಟೆ ಬಹಳ ಹೊತ್ತು ಅಲುಗಾಡಲಿಲ್ಲ. ನಂತರ ಅಲುಗಾಡಿತು, ಎಳೆದಾಡಿತು, ಎಂದಿನ ವ್ಯಾಪಾರದ ಹಾಗೆ. ಇಬ್ಬರೂ ಕೈ ತೆಗೆದರು. ಎತ್ತಿನ ಹಗ್ಗ ಬೇರೆಯವರ ಕೈಗೆ ಹೋಯಿತು.

ಕಾಕಾ ರೊಟ್ಟಿ ಬಿಚ್ಚಿ ಕೂತ. ನಾನು ತಂಬಿಗೆ ತೊಳೆಯಲು ನೀರಿನ ತೊಟ್ಟಿಯ ಹತ್ತಿರ ಹೋದಾಗ ಕೆಂಪು ರುಮಾಲಿನವ ಹಿಂದೆಯೇ ಬಂದ. ಇನ್ನೊಂದು ಸುತ್ತು ವಾದಕ್ಕೆ ನಾನು ಸಜ್ಜಾಗಿದ್ದೆ.

"ಬಾಳ ಚಂದ ಮಾತಾಡ್ತಿ ಬೇ," ಎಂದ. ಆಚೀಚೆ ನೋಡಿದ. "ನಮ್ಮ ಮನ್ಯಾಗೂ ಒಬ್ರಿಗಿ ಈ ಮುದ್ರಿ ಕೂತದ. ಎಡಗೈ. ಒಲಿ ಮುಂದ ಕೈ ಸುಟ್ರೂ ತಿಳಿಯಂಗಿಲ್ಲ ಆಕಿಗಿ. ಈಗ ಹಿಡದು ನೋಡ್ದೆ, ಬೆರಳು ಹಂಗ ಅವ."

"ಹಂಗಿದ್ರ ಎಲ್ಲಾರ ಮುಂದ ಯಾಕ ಬಿಚ್ಚು ಅಂದ್ರಿ?"

"ಎಲ್ಲಾರ ಮುಂದ ನಾ ಕೇಳಿದ್ರ, ನನ್ನ ಮನಿ ಕಡಿ ಯಾರು ನೋಡ್ತಾರ?"

ಈ ತರ್ಕಕ್ಕೆ ನನ್ನ ಬಳಿ ಬೇಕಾದಷ್ಟು ಉತ್ತರಗಳಿದ್ದವು, ಒಂದಕ್ಕಿಂತ ಒಂದು ಖಾರ. ಅವನ ಕೈ ಇನ್ನೂ ಟುವಾಲನ್ನು ಸುತ್ತುತ್ತಲೇ ಇತ್ತು, ಬಿಚ್ಚುತ್ತಲೇ ಇತ್ತು.

"ಮಾನ್ವ್ಯಾಗ ಯಾವತ್ತು ಕೂಡ್ತಾರ ಅವರು?" ಎಂದ.

"ಗುರುವಾರ," ಎಂದೆ. "ಮೊದಲ ಬಸ್ಸಿಗಿ ಕರಕೊಂಡು ಬರ್ರಿ. ಹೆಣ್ಣುಮಕ್ಕಳು ಒಬ್ರ ಜೋಡಿ ಇದ್ರ ಚಲೋ, ನಾ ಮಾನ್ವಿ ಬಸ್‌ಸ್ಟ್ಯಾಂಡಿನಾಗ ಇರ್ತೀನಿ."